ಹಿತ್ತಿಲಿನ ಕೊಳೆತ ದಿಮ್ಮಿಯಡಿ ಕೆಂಪು ಬೆನ್ನಿನ ಪ್ರಾಣಿ: ದಿಮ್ಮಿ ಎತ್ತಿಸಬೇಕಾ, ಬಿಡಬೇಕಾ?

ಹೊಸಮನೆ (ಪೆನ್ಸಿಲ್ವೇನಿಯಾ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂದೆ ಓಕ್, ಮೇಪಲ್ ಮರಗಳ ಒಂದು ತುಂಡು ಕಾಡಿದೆ. ಯಾವ ಕಾಲದಲ್ಲೋ ಬಿದ್ದ ಮರಗಳು, ವರ್ಷಾನುಗಟ್ಟಲೆ ಸೇರಿದ ಎಲೆ, ಎಲ್ಲ ಹಾಗೇ ಬಿದ್ದಿವೆ. ಕೆಲಸದವರನ್ನು ಕರೆಸಿ ಪೂರ್ತಿ ಎತ್ತಿಸಿ ಹುಲ್ಲು ಹಾಕಿಸೋಣ ಅಂತ ಇದ್ದೆವು. ಮೊನ್ನೆ ಮಳೆ ನಿಂತ ಮೇಲೆ ಒಂದು ದಿಮ್ಮಿ ಹೊರಳಿಸಿದರೆ ಕೆಳಗೆ ಬೆರಳುದ್ದದ ಒಂದು ಪ್ರಾಣಿ ಮಲಗಿತ್ತು. ಮೈಯ ಪಕ್ಕವೆಲ್ಲ ಕಪ್ಪು ಮಿಶ್ರಿತ ಬೂದು. ಬೆನ್ನಿನ ಮೇಲೆ ಕತ್ತಿನಿಂದ ಬಾಲದವರೆಗೆ ಇಟ್ಟಿಗೆ ಬಣ್ಣದ ಅಗಲ ಪಟ್ಟೆ. ಸ್ವಲ್ಪ ಆಚೆ ಅದೇ ಗಾತ್ರದ ಇನ್ನೊಂದಿತ್ತು, ಅದಕ್ಕೆ ಪಟ್ಟೆಯೇ ಇಲ್ಲ. ಪೂರ್ತಿ ಸೀಸದ ಬಣ್ಣ.

ಊರಿಂದ ಬಂದಿರುವ ಅತ್ತೆ "ಹಾವುರಾಣಿ ಜಾತೀದು ಇರಬೇಕು, ಮಕ್ಕಳನ್ನ ಆ ಕಡೆ ಬಿಡಬೇಡ" ಎಂದರು. ಪಕ್ಕದ ಮನೆಯವರು ಸಲಮಾಂಡರ್ ಎಂದರು. ಇದು ವಿಷದ್ದಾ? ನೀರಿನ ಪ್ರಾಣಿಯಾದರೆ ಇಲ್ಲಿ ಹತ್ತಿರದಲ್ಲೆಲ್ಲೂ ಕೆರೆ, ತೊರೆ ಇಲ್ಲವಲ್ಲ, ಹೇಗೆ ಬಂತು? ದಿಮ್ಮಿ ಎತ್ತಿಸಿದರೆ ಇವು ಬೇರೆ ಕಡೆ ಹೋಗುತ್ತವಾ? ಗೊತ್ತಿದ್ದವರು ಹೇಳಿ.

ಎಲೆಮರೆ (ಮ್ಯಾಸಚೂಸೆಟ್ಸ್)

ಮೊದಲು ಅತ್ತೆಯವರಿಗೆ ಧೈರ್ಯ ಹೇಳಿ. ಹಾವುರಾಣಿಯ ಮೈಮೇಲೆ ಹೊಳೆಯುವ ಹುರುಪೆ ಇರುತ್ತದೆ, ಕಾಲಿಗೆ ಉಗುರು ಇರುತ್ತದೆ, ಅದು ಬಿಸಿಲು ಕಾಯಿಸಲು ಬರುತ್ತದೆ. (ಅದಕ್ಕೂ ವಿಷ ಇಲ್ಲ, ಪಾಪ. ಸುಮ್ನೆ ಕೆಟ್ಟ ಹೆಸರು.) ನೀವು ನೋಡಿದ್ದಕ್ಕೆ ಹುರುಪೆಯಿಲ್ಲ, ಉಗುರಿಲ್ಲ, ಚರ್ಮ ಸದಾ ಒದ್ದೆ. ಹಲ್ಲಿಗಿಂತ ಕಪ್ಪೆಗೆ ಹತ್ತಿರದ ನೆಂಟ. ಇದು ಕೆಂಪು ಬೆನ್ನಿನ ಸಲಮಾಂಡರ್, ಪ್ಲೆಥೊಡಾನ್ ಸಿನೇರಿಯಸ್. ಜೇಕಬ್ ಗ್ರೀನ್ ಎಂಬವರು 1818ರಲ್ಲಿ ವಿವರಿಸಿದ ಜಾತಿ. ಕೆನಡಾದ ನೋವಾ ಸ್ಕೋಶಿಯಾ, ಕ್ವಿಬೆಕ್, ಒಂಟಾರಿಯೋಗಳಿಂದ ಪಶ್ಚಿಮಕ್ಕೆ ಮಿನ್ನೆಸೋಟ, ದಕ್ಷಿಣಕ್ಕೆ ನಾರ್ತ್ ಕೆರೊಲಿನಾವರೆಗೆ ಇದೆ. ಅಮೆರಿಕದ ಈ ಭಾಗದಲ್ಲಿ ಮನೆ ಹಿಂದೆ ನಾಲ್ಕು ಹಳೇ ಮರ ಇದ್ದವರಿಗೆಲ್ಲ ಇದು ನೆರೆಯವನೇ. ಕಾಣಿಸಿಕೊಳ್ಳುವುದಿಲ್ಲ, ಅಷ್ಟೇ.

ಪಟ್ಟೆ ಇರುವುದೂ ಇಲ್ಲದ್ದೂ ಒಂದೇ ಜಾತಿ. ಗಂಡು, ಹೆಣ್ಣು ಅನ್ನುವ ವ್ಯತ್ಯಾಸವೂ ಅಲ್ಲ. ಒಂದೇ ಕಾಡಿನಲ್ಲಿ, ಒಂದೇ ದಿಮ್ಮಿಯಡಿ ಎರಡೂ ಸಿಗುತ್ತವೆ. ಪಟ್ಟೆ ಇಲ್ಲದ್ದು ಬಿಸಿ ಜಾಗಗಳಲ್ಲಿ ಜಾಸ್ತಿ, ಪಟ್ಟೆಯದ್ದು ತಂಪು ಜಾಗಗಳಲ್ಲಿ ಜಾಸ್ತಿ ಎಂದು ಬಹಳ ಜನ ಬರೆದಿದ್ದಾರೆ. ಆದರೆ ದೊಡ್ಡ ಪ್ರದೇಶದ ಲೆಕ್ಕ ತೆಗೆದಾಗ ಆ ಸಂಬಂಧ ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ. ಮೂರನೇ ಬಗೆಯೂ ಇದೆ: ಕಪ್ಪೇ ಇಲ್ಲದೆ ಮೈಯೆಲ್ಲ ಕೆಂಪು. ಅದು ಅಪರೂಪ.

ಖಚಿತ ಮಾಡಿಕೊಳ್ಳಬೇಕಾದರೆ ಹೊಟ್ಟೆ ನೋಡಿ. ಉಪ್ಪು, ಮೆಣಸಿನ ಪುಡಿ ಬೆರೆಸಿ ಎರಚಿದ ಹಾಗೆ ಕಪ್ಪು ಬಿಳಿ ಚುಕ್ಕೆ ಇರುತ್ತದೆ. ಪಟ್ಟೆ ಇಲ್ಲದ್ದನ್ನು ಗುರುತಿಸಲು ಇದೇ ಒಳ್ಳೆಯ ದಾರಿ. ಮುಂಗಾಲಿಗೆ 4 ಬೆರಳು, ಹಿಂಗಾಲಿಗೆ 5. ಪಕ್ಕೆಯ ಉದ್ದಕ್ಕೂ ಸಣ್ಣ ಗೀರುಗಳಿರುತ್ತವೆ, ಸಾಮಾನ್ಯವಾಗಿ 19. ಕಾಲು ಮೈಗೆ ಹೋಲಿಸಿದರೆ ತೀರಾ ಗಿಡ್ಡ. ಬಾಲ ಸೇರಿ ಉದ್ದ 6ರಿಂದ 12 ಸೆಂ.ಮೀ. ಹಿಂಗಾಲಿಗೂ 4 ಬೆರಳಿದ್ದು, ಹೊಟ್ಟೆ ಅಚ್ಚ ಬಿಳಿಯಾಗಿ ಅದರ ಮೇಲೆ ದಪ್ಪ ಕಪ್ಪು ಚುಕ್ಕೆ ಇದ್ದರೆ ಅದು ಬೇರೆ ಜಾತಿ. ಹಾಗಿದ್ದರೆ ಫೋಟೋ ಹಾಕಿ, ನನಗೂ ನೋಡುವ ಆಸೆ.

ಬಾಲ ಹಿಡಿದು ಎತ್ತಬೇಡಿ. ಕಳಚಿಕೊಂಡು ಓಡುತ್ತದೆ. ಆಮೇಲೆ ಹೊಸದು ಬೆಳೆಯುತ್ತದೆ, ನಿಜ. ಆದರೆ ಇವು ಕೊಬ್ಬು ಕೂಡಿಡುವುದೇ ಬಾಲದಲ್ಲಿ. ಬಾಲ ಹೋದರೆ ಕಷ್ಟಕಾಲದ ಗಂಟು ಹೋಯಿತು ಅಂತಲೇ ಲೆಕ್ಕ.

ಸಂದೇಹಿ (ಬೆಂಗಳೂರು)

ಕುತೂಹಲಕ್ಕೆ ಕೇಳ್ತಿದ್ದೀನಿ. ಎಲ್ಲೋ ಓದಿದ್ದೆ, ಈ ಗುಂಪಿನ ಸಲಮಾಂಡರ್‌ಗೆ ಶ್ವಾಸಕೋಶವೇ ಇಲ್ಲ ಅಂತ. ಮೀನಿನ ಕಿವಿರೂ ಇಲ್ಲವಂತೆ. ಹಾಗಾದರೆ ಉಸಿರಾಡೋದು ಹೇಗೆ? ಇಂಟರ್ನೆಟ್ಟಿನಲ್ಲಿ ಬರುವ ಕತೆಗಳಲ್ಲಿ ಇದೂ ಒಂದಾ?

ಎಲೆಮರೆ (ಮ್ಯಾಸಚೂಸೆಟ್ಸ್)

ಕತೆಯಲ್ಲ. ಪ್ಲೆಥೊಡಾಂಟಿಡೇ ಅನ್ನುವುದು ಸಲಮಾಂಡರ್‌ಗಳಲ್ಲೇ ದೊಡ್ಡ ಕುಟುಂಬ. ಆ ಕುಟುಂಬದಲ್ಲಿ ಬೆಳೆದು ದೊಡ್ಡದಾದ ಯಾವ ಪ್ರಾಣಿಗೂ ಶ್ವಾಸಕೋಶ ಇಲ್ಲ. ಆಮ್ಲಜನಕ ಒಳಗೆ ಹೋಗುವುದು ಚರ್ಮದಿಂದ, ಸ್ವಲ್ಪ ಬಾಯಿಯ ಒಳಪದರದಿಂದ. ಚರ್ಮದ ಕೆಳಗೇ ರಕ್ತನಾಳಗಳ ಜಾಲ ಇದೆ. ಪ್ರಾಣಿ ತೆಳ್ಳಗೆ, ಉದ್ದಕ್ಕೆ ಇರುವುದರಿಂದ ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ ಸಿಗುತ್ತದೆ.

ಆದರೆ ಒಂದು ಶರತ್ತು. ಚರ್ಮ ಒಣಗಿದರೆ ಗಾಳಿ ಒಳಗೆ ಹೋಗುವುದಿಲ್ಲ. ಒಣಗುವುದು ಅಂದರೆ ಇದಕ್ಕೆ ಉಸಿರುಗಟ್ಟುವುದು. ಇದೊಂದನ್ನು ನೆನಪಿಟ್ಟುಕೊಂಡರೆ ಇದರ ಮಿಕ್ಕ ಬದುಕೆಲ್ಲ ತಾನಾಗಿ ಅರ್ಥವಾಗುತ್ತದೆ. ಹಗಲು ಯಾಕೆ ಕಾಣಿಸುವುದಿಲ್ಲ? ಒಣಗುತ್ತದೆ. ದಿಮ್ಮಿಯಡಿ ಯಾಕೆ? ಸುತ್ತಲಿನ ಎಲೆಯೆಲ್ಲ ಗರಿಗರಿ ಆದ ಮೇಲೂ ಕೊಳೆತ ಮರ, ಕಲ್ಲಿನ ಅಡಿ ಪಸೆ ಉಳಿದಿರುತ್ತದೆ. ಮಳೆ ಬಂದ ರಾತ್ರಿ ಮಾತ್ರ ಎಲೆಗಳ ಮೇಲೆ ಬಂದು ಓಡಾಡುತ್ತದೆ. ಚೆನ್ನಾಗಿ ಮಳೆಯಾದರೆ ಸಣ್ಣ ಗಿಡಗಳನ್ನೂ ಹತ್ತುತ್ತದೆ, ಅಲ್ಲಿ ನೆಲಕ್ಕಿಂತ ಜಾಸ್ತಿ ಹುಳು ಸಿಗುತ್ತವೆ ಅಂತ. ಮಳೆ ನಿಂತು ಎಲೆ ಒಣಗುತ್ತಾ ಬಂದ ಹಾಗೆ ಎಲೆ ಪದರದ ಕೆಳಗೆ, ಆಮೇಲೆ ದಿಮ್ಮಿಯಡಿ. ಬೇಸಿಗೆ ಬಿರುಸಾದರೆ ಮಣ್ಣಿನೊಳಗೆ. ತಾನೇ ತೋಡುವಷ್ಟು ಶಕ್ತಿ ಇಲ್ಲ. ಬೇರು ಕೊಳೆತು ಉಳಿದ ಸಂದು, ಬೇರೆ ಪ್ರಾಣಿ ಮಾಡಿದ ಬಿಲ, ಬಂಡೆಯ ಬಿರುಕು, ಸಿಕ್ಕಿದ್ದರಲ್ಲಿ ಇಳಿಯುತ್ತದೆ.

ಚಳಿಗಾಲವೂ ಹಾಗೇ. ಮೈ ಹೆಪ್ಪುಗಟ್ಟಿದರೆ ಬದುಕುವುದಿಲ್ಲ. ಇಲ್ಲಿನ ಕೆಲವು ಕಪ್ಪೆಗಳು ಹೆಪ್ಪುಗಟ್ಟಿ ಮತ್ತೆ ಕರಗಿ ಎದ್ದು ಬರುತ್ತವೆ, ಇದಕ್ಕೆ ಆ ವಿದ್ಯೆ ಗೊತ್ತಿಲ್ಲ. ಹಾಗಾಗಿ ಮಂಜು ಇಳಿಯದ ಆಳಕ್ಕೆ ಹೋಗುತ್ತದೆ. ಹಿತ್ತಿಲ ಮಣ್ಣು ಗಟ್ಟಿಯಾಗಿ ದಮ್ಮಾಸು ಹಾಕಿದಂತಾದರೆ ಇಳಿಯಲು ದಾರಿಯೇ ಇರುವುದಿಲ್ಲ.

ಇನ್ನೊಂದು, ಮಣ್ಣಿನ ಹುಳಿ. ಚರ್ಮ ಇಷ್ಟು ತೆರೆದುಕೊಂಡಿರುವ ಪ್ರಾಣಿಗೆ ಮಣ್ಣಿನ ಗುಣ ನೇರ ತಟ್ಟುತ್ತದೆ. ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ) 3.7 ಮತ್ತು ಅದಕ್ಕಿಂತ ಕಡಿಮೆ ಇರುವ ಕಡೆ ಇವು ಸಿಗುವುದು ಬಲು ಅಪರೂಪ ಎಂದು 1980ರ ದಶಕದಲ್ಲಿ ನ್ಯೂಯಾರ್ಕ್ ಕಾಡುಗಳಲ್ಲಿ ಕಂಡುಕೊಂಡರು. ಆಮ್ಲ ಮಳೆಯ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಂಡಿದ್ದ ಕಾಲ ಅದು.

ಮಲೆನಾಡ ಕಪ್ಪೆ (ತೀರ್ಥಹಳ್ಳಿ)

ಬಹಳ ಚೆನ್ನಾಗಿದೆ ಈ ಮಾತುಕತೆ. ನಮ್ಮ ಕಡೆ ಸಲಮಾಂಡರ್ ಇಲ್ಲ ಅನ್ನುವುದೊಂದು ಕೊರಗು. ಭಾರತದಲ್ಲಿ ನೋಡಬೇಕಾದರೆ ಡಾರ್ಜಿಲಿಂಗ್ ಕಡೆಗೋ, ಈಶಾನ್ಯಕ್ಕೋ ಹೋಗಬೇಕು. ಡಾರ್ಜಿಲಿಂಗ್ ಬೆಟ್ಟಗಳ ಮತ್ತು ಪೂರ್ವ ನೇಪಾಳದ ಸಲಮಾಂಡರ್‌ಗೆ 2015ರಲ್ಲಿ ಟೈಲೊಟ್ರೈಟಾನ್ ಹಿಮಾಲಯಾನಸ್ ಅಂತ ಹೊಸ ಹೆಸರು ಕೊಟ್ಟರು. ಪಶ್ಚಿಮ ಘಟ್ಟದಲ್ಲಿ ಕಪ್ಪೆಗಳಿವೆ, ಕಾಲೇ ಇಲ್ಲದ ಸಿಸಿಲಿಯನ್‌ಗಳಿವೆ. ಬಾಲ ಮತ್ತು ಕಾಲು ಎರಡೂ ಇಟ್ಟುಕೊಂಡ ಉಭಯಚರಿ ಮಾತ್ರ ಇಲ್ಲಿಗೆ ಬರಲೇ ಇಲ್ಲ.

ನನಗೆ ಮೊಟ್ಟೆಯ ವಿಷಯ ತಿಳಿಯಬೇಕು. ಹೊಸಮನೆಯವರು ಕೇಳಿದ್ದೂ ಅದೇ ಅಲ್ವಾ, ಕೆರೆ ಇಲ್ಲದೆ ಹೇಗೆ ಅಂತ. ನಮ್ಮಲ್ಲಿ ಮಳೆಗಾಲದ ರಾತ್ರಿ ಪೊದೆಗಳಲ್ಲಿ ಟಿಕ್ ಟಿಕ್ ಅನ್ನುವ ಪುಟ್ಟ ಪೊದೆಗಪ್ಪೆಗಳಿವೆ. ಅವು ಎಲೆಯ ಮೇಲೋ, ತೇವದ ನೆಲದಲ್ಲೋ ಮೊಟ್ಟೆ ಇಡುತ್ತವೆ. ಗೊದಮೊಟ್ಟೆಯ ಹಂತವೆಲ್ಲ ಮೊಟ್ಟೆಯೊಳಗೇ ಮುಗಿದು ನೇರ ಮರಿಗಪ್ಪೆಯೇ ಹೊರಬರುತ್ತದೆ. ಇದೂ ಹಾಗೇನಾ?

ಎಲೆಮರೆ (ಮ್ಯಾಸಚೂಸೆಟ್ಸ್)

ಹಾಗೇ ಸರ್. ಎಲ್ಲೋ ಇರುವ ಎರಡು ಕಾಡುಗಳಲ್ಲಿ ಎರಡು ಬೇರೆ ಬೇರೆ ವಂಶಗಳು ಕೆರೆಯ ಹಂಗು ಬಿಟ್ಟಿವೆ. ಕೆಂಪು ಬೆನ್ನಿನದು ಹುಟ್ಟಿನಿಂದ ಸಾಯುವತನಕ ನೀರಿಗೆ ಇಳಿಯುವುದೇ ಇಲ್ಲ. ಮೊಟ್ಟೆಯೊಳಗೆ ಇರುವಾಗ ಕೆಲವು ವಾರ ಕವಲೊಡೆದ ಕಿವಿರು ಇರುತ್ತದೆ. ಹೊರಗೆ ಬರುವ ಹೊತ್ತಿಗೆ ಅದೂ ಉದುರಿರುತ್ತದೆ ಅಥವಾ ಉದುರುತ್ತಿರುತ್ತದೆ. ಬಂದ ಮರಿ ಸುಮಾರು 2 ಸೆಂ.ಮೀ., ದೊಡ್ಡದರ ಪಡಿಯಚ್ಚು.

ಜೋಡಿಯಾಗುವುದು ಶರತ್ಕಾಲದಿಂದ ವಸಂತದವರೆಗೆ. ಗಂಡು ನೆಲದ ಮೇಲೆ ವೀರ್ಯದ ಒಂದು ಪುಟ್ಟ ಪೊಟ್ಟಣ ಇಡುತ್ತದೆ, ಹೆಣ್ಣು ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಜೂನ್, ಜುಲೈ ಹೊತ್ತಿಗೆ ಕೊಳೆತ ದಿಮ್ಮಿಯ ಪೊಟರೆಯಲ್ಲಿ ಮೊಟ್ಟೆ. ಎಷ್ಟು ಅಂದುಕೊಂಡಿರಿ? ಸಾವಿರಗಟ್ಟಲೆ ಇಡುವ ಕಪ್ಪೆಗಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಹಳಷ್ಟು ಸಲ ಹತ್ತರೊಳಗೆ. ಅವೆಲ್ಲ ಗೊಂಚಲಾಗಿ ಪೊಟರೆಯ ಮೇಲ್ಛಾವಣಿಗೆ ತೂಗುಬಿದ್ದಿರುತ್ತವೆ. ತಾಯಿ ಅದನ್ನು ಸುತ್ತಿಕೊಂಡು ಆರೇಳು ವಾರ ಕಾಯುತ್ತದೆ. ತನ್ನ ಮೈಯ ತೇವದಿಂದ ಮೊಟ್ಟೆ ಒಣಗದಂತೆ, ಬೂಸ್ಟು ಹಿಡಿಯದಂತೆ ನೋಡಿಕೊಳ್ಳುತ್ತದೆ. ತಿನ್ನಲು ಬಂದ ಜೀರುಂಡೆಗೂ, ತನ್ನದೇ ಜಾತಿಯ ಕಳ್ಳರಿಗೂ ಬಾಯಿ ಹಾಕುತ್ತದೆ. ಅಷ್ಟು ದಿನ ತಾನು ತಿನ್ನುವುದು ಬಹಳ ಕಡಿಮೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಮರಿ. ಮರಿಗಳು ಬಂದ ಮೇಲೂ ಕೆಲವು ದಿನ ತಾಯಿಯ ಜೊತೆಯೇ ಇರುತ್ತವೆ.

ಈ ಉಪವಾಸದ ಸುಸ್ತು ತೀರಿಸಿಕೊಂಡು ಮತ್ತೆ ಮೊಟ್ಟೆಗೆ ಕೊಬ್ಬು ಕೂಡಿಸಬೇಕು. ಹಾಗಾಗಿ ಉತ್ತರದ ತಂಪು ಪ್ರದೇಶಗಳಲ್ಲಿ ಹೆಣ್ಣು ಎರಡು ವರ್ಷಕ್ಕೊಮ್ಮೆ ಮಾತ್ರ ಮೊಟ್ಟೆ ಇಡುತ್ತದೆ. ಎರಡು ವರ್ಷಕ್ಕೆ ಹತ್ತರೊಳಗೆ ಮಕ್ಕಳು! ಒಂದು ಕಡೆ ಸಂಖ್ಯೆ ಕುಸಿದರೆ ಬೇಗ ಮೇಲೇಳುವ ಪ್ರಾಣಿಯಲ್ಲ ಇದು.

ಪುಟ್ಟಿಯ ಅಮ್ಮ (ನ್ಯೂ ಜೆರ್ಸಿ)

ನಮ್ಮ ಮನೆಯಲ್ಲಿ ಈಗ ಇದೇ ಗಲಾಟೆ. ಮಗಳು ಶಾಲೆಯ ಹಿಂದಿನ ಕಾಡಿನಿಂದ ಒಂದನ್ನು ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದಾಳೆ, ಸಾಕುತ್ತಾಳಂತೆ. ಇನ್ನೊಂದು ದಿನ ಮಟಮಟ ಮಧ್ಯಾಹ್ನ ಪೂರ್ತಿ ಕಿತ್ತಳೆ ಬಣ್ಣದ್ದೊಂದು ದಾರಿಯಲ್ಲೇ ನಡೆದು ಹೋಗುತ್ತಿತ್ತು. ಎಲೆಮರೆಯವರು ಹೇಳಿದ ಮೂರನೇ ಬಗೆ ಅದೇನಾ?

ಮಳೆರಾತ್ರಿ (ವರ್ಜೀನಿಯಾ)

ಮಧ್ಯಾಹ್ನ ರಾಜಾರೋಷವಾಗಿ ನಡೆಯುತ್ತಿತ್ತು ಅಂದರೆ ಅದು ಇದಲ್ಲ, ಬಹುತೇಕ ಪೂರ್ವದ ನ್ಯೂಟ್ ಅನ್ನುವ ಬೇರೊಂದು ಸಲಮಾಂಡರ್‌ನ ಎಳೆಯ ಹಂತ. ಅದನ್ನು ಕೆಂಪು ಎಫ್ಟ್ ಅಂತಾರೆ. ಅದರ ಚರ್ಮ ಒರಟು, ಬೆನ್ನಿನ ಮೇಲೆ ಕಪ್ಪು ಅಂಚಿನ ಕೆಂಪು ಚುಕ್ಕೆ. ಅದರ ಚರ್ಮದಲ್ಲಿ ವಿಷ ಇದೆ, ಅದಕ್ಕೇ ಅಷ್ಟು ಧೈರ್ಯ. ಮುಟ್ಟಿದರೆ ಏನಾಗಲ್ಲ, ಆದರೆ ಮಗು ಕೈ ಬಾಯಿಗಿಡುವ ಮೊದಲು ತೊಳೆಸಿ. ಕೆಂಪು ಬೆನ್ನಿನದರ ಪೂರ್ತಿ ಕೆಂಪು ಬಗೆ ಈ ಎಫ್ಟ್‌ನ ವೇಷ ಹಾಕಿ ಹಕ್ಕಿಗಳನ್ನು ಯಾಮಾರಿಸುತ್ತದೆ ಅನ್ನುವ ವಾದ ಇದೆ. ನ್ಯೂಟ್‌ನ ಕಹಿ ರುಚಿ ಕಂಡ ಹಕ್ಕಿ ಆ ಬಣ್ಣ ಕಂಡರೆ ಇದನ್ನೂ ಬಿಟ್ಟುಬಿಡುತ್ತದೆ.

ಡಬ್ಬಿಯಲ್ಲಿರುವುದನ್ನು ದಯವಿಟ್ಟು ಇವತ್ತೇ ವಾಪಸ್ ಬಿಡಿಸಿ. ಅದೂ ತಂದ ಜಾಗದಲ್ಲೇ. ನಿಮ್ಮ ಹಿತ್ತಿಲಿನಲ್ಲಿ ಬಿಟ್ಟರೆ ಸಾಲದು. ಯಾಕೆಂದರೆ ಇವುಗಳಿಗೆ ಮನೆ ಇದೆ. ಉತ್ತರ ಮಿಷಿಗನ್ನಿನಲ್ಲಿ ನಡೆದು 1982ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇವುಗಳನ್ನು ಹಿಡಿದು 30 ಮೀಟರ್ ಆಚೆ ಬಿಟ್ಟಾಗ ಹೆಚ್ಚಿನವು ತಮ್ಮ ಜಾಗಕ್ಕೇ ವಾಪಸ್ ಬಂದಿದ್ದವು. ಬೆರಳುದ್ದದ ಪ್ರಾಣಿಗೆ 30 ಮೀಟರ್ ಎಷ್ಟು ದೂರ ಯೋಚಿಸಿ.

ಹಿಡಿಯುವಾಗ ಕೈ ಒದ್ದೆ ಮಾಡಿಕೊಳ್ಳಲಿ. ಲೋಷನ್, ಸ್ಯಾನಿಟೈಸರ್, ಸೊಳ್ಳೆ ಸ್ಪ್ರೇ ಹಚ್ಚಿದ ಕೈಯಲ್ಲಿ ಮಾತ್ರ ಬೇಡ. ಚರ್ಮದಲ್ಲೇ ಉಸಿರಾಡುವುದಕ್ಕೆ ಅದನ್ನು ಮೆತ್ತಿದರೆ ಏನಾಗುತ್ತದೆ ಅಂತ ಮಗಳಿಗೆ ಹೇಳಿ, ಮಕ್ಕಳಿಗೆ ನಮಗಿಂತ ಬೇಗ ಅರ್ಥವಾಗುತ್ತೆ.

ಅಂಗಡಿಯಿಂದ ತಂದ ಬೇರೆ ಸಲಮಾಂಡರ್ ಮನೆಯಲ್ಲಿದ್ದರೆ ಇನ್ನೂ ಎಚ್ಚರ. ಬಿ-ಸಾಲ್ ಅನ್ನುವ ಶಿಲೀಂಧ್ರ ನೆದರ್ಲೆಂಡ್ಸ್‌ನಲ್ಲಿ ಬೆಂಕಿ ಸಲಮಾಂಡರ್‌ಗಳನ್ನು ಹೆಚ್ಚುಕಡಿಮೆ ನಾಶ ಮಾಡಿತು. 2013ರಲ್ಲಿ ಅದನ್ನು ಗುರುತಿಸಿದರು. ಅದು ತಿನ್ನುವುದೇ ಚರ್ಮವನ್ನು. ಅಮೆರಿಕ 2016ರ ಜನವರಿಯಲ್ಲಿ 201 ಜಾತಿಯ ಸಲಮಾಂಡರ್‌ಗಳ ಆಮದು ನಿಲ್ಲಿಸಿತು. ಕೆನಡಾ 2017ರಲ್ಲಿ ಎಲ್ಲ ಸಲಮಾಂಡರ್‌ಗಳಿಗೂ ತಡೆ ಹಾಕಿತು. ಆ ರೋಗ ಇಲ್ಲಿನ ಕಾಡಿಗೆ ಬಂದರೆ ಕಷ್ಟ. ಜಗತ್ತಿನಲ್ಲೇ ಅತಿ ಹೆಚ್ಚು ಬಗೆಯ ಸಲಮಾಂಡರ್ ಇರುವುದು ಈ ದೇಶದಲ್ಲಿ.

ಪುಟ್ಟಿಯ ಅಮ್ಮ (ನ್ಯೂ ಜೆರ್ಸಿ)

ಬಿಟ್ಟು ಬಂದೆವು. ಅದೇ ಕಲ್ಲಿನ ಪಕ್ಕ. ಅಳು ನಿಂತಿದೆ, ಆದರೆ ಈಗ ಪ್ರಶ್ನೆ ಶುರು. "ಅದಕ್ಕೆ ತನ್ನ ಮನೆ ಅಂತ ಹೇಗೆ ಗೊತ್ತಾಗುತ್ತೆ?" ಅಂತೆ. ಏನು ಹೇಳಲಿ?

ಮಳೆರಾತ್ರಿ (ವರ್ಜೀನಿಯಾ)

ವಾಸನೆಯಿಂದ ಅಂತ ಹೇಳಿ. ಆಮೇಲೆ ಅವಳು ಮುಂದಿನ ಪ್ರಶ್ನೆ ಕೇಳುತ್ತಾಳೆ, ಅದಕ್ಕೆ ಉತ್ತರ ಸ್ವಲ್ಪ ಗಲೀಜು.

ಮೂಗಿನ ಹೊಳ್ಳೆಯಿಂದ ಮೇಲ್ದುಟಿಗೆ ಎರಡು ಸಣ್ಣ ಗೀರು ಇರುತ್ತವೆ. ಭೂತಗನ್ನಡಿಯಲ್ಲಿ ಕಾಣುತ್ತದೆ. ನಡೆಯುವಾಗ ಮೂತಿಯನ್ನು ನೆಲಕ್ಕೆ ತಾಗಿಸಿ ತಾಗಿಸಿ ಹೋಗುತ್ತದೆ. ನೆಲದ ತೇವ ಆ ಗೀರಿನಲ್ಲಿ ಏರಿ ಮೂಗಿನೊಳಗೆ ಹೋಗುತ್ತದೆ. ಯಾರು ಬಂದಿದ್ದರು, ಗಂಡೋ ಹೆಣ್ಣೋ, ತನ್ನದೋ ಬೇರೆಯವರದೋ, ಎಲ್ಲ ಅದರಲ್ಲೇ ತಿಳಿಯುತ್ತದೆ. ಗಡಿ ಗುರುತಿಗೆ ಮೈಯ ಗ್ರಂಥಿಗಳ ವಾಸನೆ ಬಿಡುತ್ತದೆ, ಜೊತೆಗೆ ಹಿಕ್ಕೆ ಹಾಕುತ್ತದೆ.

ಗಡಿ ಯಾಕೆ ಬೇಕು? ಮತ್ತೆ ಅದೇ ತೇವದ ಕತೆ. ಮಳೆ ಇದ್ದಾಗ ಇಡೀ ಕಾಡು ಊಟದ ಮನೆ. ಮಳೆ ನಿಂತರೆ ಉಳಿಯುವುದು ಕಲ್ಲು, ದಿಮ್ಮಿಯ ಅಡಿಯ ಒದ್ದೆ ಜಾಗ, ಅಲ್ಲಿಗೆ ಸೇರಿಕೊಂಡ ಹುಳುಗಳು. ಒಳ್ಳೆ ದಿಮ್ಮಿ ಇದ್ದವನೇ ಜಮೀನ್ದಾರ. ಹೊಸಬ ಬಂದರೆ ಮಾಲೀಕ ಮೈಯನ್ನು ನೆಲದಿಂದ ಮೇಲೆತ್ತಿ ದೊಡ್ಡದಾಗಿ ಕಾಣಿಸಿಕೊಳ್ಳುತ್ತಾನೆ. ಸೋಲೊಪ್ಪುವವನು ನೆಲಕ್ಕೆ ಚಪ್ಪಟೆಯಾಗುತ್ತಾನೆ. ಹೆಚ್ಚಿನ ಜಗಳ ಅಷ್ಟಕ್ಕೇ ಮುಗಿಯುತ್ತದೆ. ಮುಗಿಯದಿದ್ದರೆ ಕಚ್ಚಾಟ. ಕಚ್ಚುವ ಜಾಗ ಎರಡು: ಬಾಲ, ಇಲ್ಲವೇ ಆ ಮೂಗಿನ ಗೀರು. ಗೀರಿಗೆ ಗಾಯವಾದರೆ ಬೇಟೆ ಹುಡುಕುವುದೇ ಕಷ್ಟ. ಕ್ರೂರ, ಆದರೆ ಲೆಕ್ಕಾಚಾರದ ಏಟು.

ಇದನ್ನೆಲ್ಲ ಬಿಡಿಸಿಟ್ಟವರು ರಾಬರ್ಟ್ ಜೇಗರ್ ಮತ್ತು ಅವರ ವಿದ್ಯಾರ್ಥಿಗಳು, ಬಹುಪಾಲು ನಮ್ಮ ವರ್ಜೀನಿಯಾದ ಬೆಟ್ಟಗಳಲ್ಲಿ. ಅವರ ಗುಂಪು 1989ರಲ್ಲಿ ಬರೆದ ಒಂದು ಪ್ರಬಂಧ ನನಗೆ ಬಹಳ ಇಷ್ಟ. ಹೆಣ್ಣು ಸಲಮಾಂಡರ್ ಗಂಡಿನ ಜಾಗಕ್ಕೆ ಬಂದು ಅವನ ಹಿಕ್ಕೆಯನ್ನು ಮೂತಿಯಿಂದ ಒತ್ತಿ ಒಡೆದು ನೋಡುತ್ತಾಳೆ. ಏನು ತಿಂದಿದ್ದಾನೆ ಅಂತ ತಪಾಸಣೆ. ಗೆದ್ದಲು ತಿಂದವನ ಹಿಕ್ಕೆ ಇದ್ದ ಕಡೆ ಜಾಸ್ತಿ ಹೊತ್ತು ನಿಲ್ಲುತ್ತಾಳೆ. ಇರುವೆ ತಿಂದವನ ಕಡೆ ಅಷ್ಟು ಆಸಕ್ತಿ ಇಲ್ಲ. ಗೆದ್ದಲು ಮೆತ್ತಗೆ, ಬೇಗ ಜೀರ್ಣವಾಗುತ್ತದೆ; ಇರುವೆಯಲ್ಲಿ ಬರೀ ಗಟ್ಟಿ ಚಿಪ್ಪು. ಗೆದ್ದಲು ಸಿಕ್ಕಿದೆ ಅಂದರೆ ಒಳ್ಳೆ ಜಾಗ ಇಟ್ಟುಕೊಂಡಿದ್ದಾನೆ ಅಂತ ಅರ್ಥ.

ಗಂಡು ಹೆಣ್ಣು ಜೋಡಿಯಾಗಿ ಒಂದೇ ಕಲ್ಲಿನಡಿ ಇರುವುದೂ ಉಂಟು. ಬೇರೆ ಹೆಣ್ಣಿನ ಜೊತೆ ಇದ್ದು ಬಂದ ಗಂಡಿನ ಮೇಲೆ ಜೊತೆಗಾತಿ ಹರಿಹಾಯುತ್ತಾಳೆ, ಗಂಡೂ ಹಾಗೇ ಮಾಡುತ್ತಾನೆ ಎಂದು ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಆದರೆ ಮೊಟ್ಟೆಗಳ ಡಿಎನ್‌ಎ ತೆಗೆದು ನೋಡಿದಾಗ ಒಂದೇ ಗೊಂಚಲಿಗೆ ಹಲವು ಅಪ್ಪಂದಿರು! ಈ ಭಾಗ ಪುಟ್ಟಿಗೆ ಬೇಡ ಬಿಡಿ.

ಸಂದೇಹಿ (ಬೆಂಗಳೂರು)

ಹಿಕ್ಕೆ ಒಡೆದು ವರಪರೀಕ್ಷೆ! ಜಾತಕಕ್ಕಿಂತ ಇದೇ ವಾಸಿ.

ಆದರೆ ಒಂದು ಮಾತು. ಮುದ್ದಾಗಿದೆ, ವಿಚಿತ್ರವಾಗಿದೆ, ಸರಿ. ಅಷ್ಟಕ್ಕೇ ಹೊಸಮನೆಯವರು ತಮ್ಮ ಹಿತ್ತಿಲನ್ನು ಹಾಳು ಬಿಡಬೇಕಾ? ಇಷ್ಟು ಸಾಮಾನ್ಯವಾದ ಪ್ರಾಣಿ, ಒಂದು ಹಿತ್ತಿಲಿನಲ್ಲಿ ಇಲ್ಲದಿದ್ದರೆ ಏನಂತೆ?

ಎಲೆಮರೆ (ಮ್ಯಾಸಚೂಸೆಟ್ಸ್)

ಸಾಮಾನ್ಯ ಅನ್ನುವುದೇ ಇದರ ತೂಕ. ಮಾತಿಗಲ್ಲ, ನಿಜವಾದ ತೂಕ. ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ಬರ್ಟನ್ ಮತ್ತು ಲೈಕನ್ಸ್ ಎಂಬ ವಿಜ್ಞಾನಿಗಳು 1975ರಲ್ಲಿ ಲೆಕ್ಕ ಹಾಕಿದರು. ಅಲ್ಲಿನ ಸಲಮಾಂಡರ್‌ಗಳನ್ನೆಲ್ಲ ಒಟ್ಟು ತೂಗಿದರೆ, ಗೂಡು ಕಟ್ಟುವ ಕಾಲದಲ್ಲಿ ಆ ಕಾಡಿನ ಹಕ್ಕಿಗಳೆಲ್ಲದರ ತೂಕದ ಸುಮಾರು ಎರಡು ಪಟ್ಟು. ಇಲಿ, ಮೂಗಿಲಿಗಳ ಒಟ್ಟು ತೂಕಕ್ಕೆ ಹೆಚ್ಚುಕಡಿಮೆ ಸಮ. ಅದರಲ್ಲಿ ಬಹುಪಾಲು ಈ ಒಂದೇ ಜಾತಿ. ಕಾಡಿಗೆ ಹೋಗಿ ನಾವು ಕತ್ತೆತ್ತಿ ಹಕ್ಕಿ ನೋಡುತ್ತಿರುತ್ತೇವೆ, ಅದಕ್ಕಿಂತ ಜಾಸ್ತಿ ಬೆನ್ನೆಲುಬಿನ ಪ್ರಾಣಿ ನಮ್ಮ ಶೂ ಕೆಳಗಿರುತ್ತದೆ.

ಇವು ತಿನ್ನುವುದು ನುಸಿ, ಸ್ಪ್ರಿಂಗ್‌ಟೇಲ್, ಇರುವೆ, ಗೆದ್ದಲು, ಜೀರುಂಡೆ ಮರಿ, ಜೇಡ. ಇವನ್ನು ತಿನ್ನುವುದು ಗಾರ್ಟರ್ ಹಾವು, ಉಂಗುರ ಕತ್ತಿನ ಹಾವು, ಮೂಗಿಲಿ, ರಾಬಿನ್, ಟರ್ಕಿ ಕೋಳಿ. ಹಕ್ಕಿಯ ಬಾಯಿಗೆ ಸಾಲದಷ್ಟು ಸಣ್ಣ ಹುಳುಗಳನ್ನು ಇದು ಹಕ್ಕಿ ತಿನ್ನಬಲ್ಲ ತುತ್ತಾಗಿ ಮಾಡಿಕೊಡುತ್ತದೆ. ಶ್ವಾಸಕೋಶ ಇಲ್ಲದ, ಮೈ ಬಿಸಿ ಇಟ್ಟುಕೊಳ್ಳುವ ಖರ್ಚಿಲ್ಲದ ಪ್ರಾಣಿ, ತಿಂದದ್ದರಲ್ಲಿ ಹೆಚ್ಚಿನ ಪಾಲು ಮೈಗೇ ಸೇರುತ್ತದೆ.

ಎಲೆ ಕೊಳೆಯುವ ವೇಗಕ್ಕೂ ಇವಕ್ಕೂ ಸಂಬಂಧ ಇದೆಯಾ ಅನ್ನುವಲ್ಲಿ ಮಾತ್ರ ನಾನು ಜಾಣತನ ತೋರಿಸಲ್ಲ. ನ್ಯೂಯಾರ್ಕಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಲಮಾಂಡರ್ ಇದ್ದ ಕಡೆ ಎಲೆ ಕೊಳೆಯುವುದು ನಿಧಾನವಾಗಿತ್ತು. ಎಲೆ ಪುಡಿ ಮಾಡುವ ಹುಳುಗಳನ್ನು ಇವು ತಿನ್ನುವುದರಿಂದ. ಅದನ್ನು ಹಿಡಿದುಕೊಂಡು "ಸಲಮಾಂಡರ್ ಕಾರ್ಬನ್ ಹಿಡಿದಿಡುತ್ತದೆ" ಅಂತ ಸುದ್ದಿಗಳು ಬಂದವು. 2014ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮಾಡಿದ ಪ್ರಯೋಗದಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಸುದ್ದಿ ಬರೆಯುವವರು ಎರಡನೆಯದನ್ನು ಯಾಕೋ ಹೇಳುವುದಿಲ್ಲ.

ಮಳೆರಾತ್ರಿ (ವರ್ಜೀನಿಯಾ)

ಸಾಮಾನ್ಯ ಅಂತ ಪೂರ್ತಿ ಒಳ್ಳೆಯವನೂ ಅಲ್ಲ. ಇಲ್ಲಿ ಶೆನಾಂಡೋವಾ ರಾಷ್ಟ್ರೀಯ ಉದ್ಯಾನದ ಮೂರು ಶಿಖರಗಳ ಮೇಲೆ ಮಾತ್ರ ಬದುಕಿರುವ ಶೆನಾಂಡೋವಾ ಸಲಮಾಂಡರ್ ಇದೆ. 1989ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ಅದು ಕಲ್ಲು ಸುರಿದ ಒಣ ಇಳಿಜಾರಿನಲ್ಲಿ ಉಳಿದುಕೊಂಡಿದೆ. ಸುತ್ತಲಿನ ಆಳವಾದ ತೇವದ ಮಣ್ಣನ್ನೆಲ್ಲ ಕೆಂಪು ಬೆನ್ನಿನದು ಹಿಡಿದು ಕೂತಿದೆ, ಒಳಗೆ ಬಿಡುವುದಿಲ್ಲ. ಒಣ ಕಲ್ಲಿನ ನಡುವೆ ಕೆಂಪು ಬೆನ್ನಿನದಕ್ಕೆ ತಡೆಯಲು ಆಗಲ್ಲ, ಅದೊಂದೇ ಈ ಬಡಪಾಯಿಗೆ ಉಳಿದ ದಾರಿ.

ಗೊಬ್ಬರಗುಂಡಿ (ಒಂಟಾರಿಯೋ)

ಹೊಸಮನೆಯವರೇ, ಹಿತ್ತಿಲಿಗೆ ಎರೆಹುಳು ತಂದು ಬಿಡುವ ಯೋಚನೆ ಇದ್ದರೆ ಕಾಡಿನ ಕಡೆ ಬೇಡ. ಗೊತ್ತು, ನಾವೆಲ್ಲ ಎರೆಹುಳು ರೈತನ ಮಿತ್ರ ಅಂತ ಓದಿ ಬೆಳೆದವರು. ನಾನೂ ತರಕಾರಿ ಮಡಿಗೆ ಹಾಕುತ್ತೇನೆ. ಆದರೆ ಹಿಮಯುಗದಲ್ಲಿ ಮಂಜುಗಡ್ಡೆ ಮುಚ್ಚಿದ್ದ ಈ ಉತ್ತರದ ಕಾಡುಗಳಲ್ಲಿ ಸ್ಥಳೀಯ ಎರೆಹುಳುವೇ ಇರಲಿಲ್ಲ. ಈಗ ಇರುವುದು ಯುರೋಪಿನಿಂದ ಬಂದದ್ದು, ಇತ್ತೀಚೆಗೆ ಏಷ್ಯಾದ ನೆಗೆಯುವ ಹುಳು. ಅವು ಎಲೆ ಪದರವನ್ನೇ ತಿಂದು ಮುಗಿಸುತ್ತವೆ. ಮೇಲಿನ ಹೊದಿಕೆ ಹೋದರೆ ಕೆಳಗೆ ತೇವವೂ ಇಲ್ಲ, ಸಣ್ಣ ಹುಳುವೂ ಇಲ್ಲ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ ಕಾಡುಗಳಲ್ಲೇ ನೋಡಿ 2009ರಲ್ಲಿ ಬರೆದಿದ್ದಾರೆ, ಎಲೆ ಹೊದಿಕೆ ತೆಳುವಾದ ಕಡೆ ಸಲಮಾಂಡರ್ ಕೂಡ ಕಡಿಮೆ. ಮೀನು ಹಿಡಿಯಲು ತಂದು ಉಳಿದ ಎರೆಹುಳುವನ್ನು ಕಾಡಿನಲ್ಲಿ ಚೆಲ್ಲುವವರನ್ನು ಕಂಡರೆ ನನಗೆ ಮೈ ಉರಿಯುತ್ತೆ.

ಹೊಸಮನೆ (ಪೆನ್ಸಿಲ್ವೇನಿಯಾ)

ಎಲ್ಲರಿಗೂ ಧನ್ಯವಾದ. ಬಿಡಬೇಕು ಅಂತ ಮನಸ್ಸಾಗಿದೆ. ಆದರೆ ನನ್ನ ನಿಜವಾದ ಭಯ ಬೇರೆ. ಇಲ್ಲಿ ಉಣ್ಣೆ ಕಾಟ ಬಹಳ. ಉಣ್ಣೆ ಕಚ್ಚಿ ಬರುವ ಲೈಮ್ ಕಾಯಿಲೆಯಲ್ಲಿ ಪೆನ್ಸಿಲ್ವೇನಿಯಾ ಯಾವಾಗಲೂ ಮೇಲಿನ ಸಾಲಿನಲ್ಲೇ ಇರುತ್ತದೆ. ಎಲೆ ರಾಶಿ ಇದ್ದರೆ ಉಣ್ಣೆ ಜಾಸ್ತಿ ಅಂತಾರೆ. ಸಲಮಾಂಡರ್‌ಗೋಸ್ಕರ ಮಕ್ಕಳ ಆರೋಗ್ಯ ಪಣಕ್ಕಿಡಲು ಆಗಲ್ಲವಲ್ಲ.

ಮಲೆನಾಡ ಕಪ್ಪೆ (ತೀರ್ಥಹಳ್ಳಿ)

ಈ ಭಯ ನಮಗೆ ಚೆನ್ನಾಗಿ ಗೊತ್ತು. ನಮ್ಮ ಕಡೆ ಉಣುಗು ಅಂತೀವಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು, ಹರಡುವುದು ಉಣುಗಿನಿಂದ. ಇವತ್ತಿಗೂ ತರಗೆಲೆ ತರಲು, ಸೌದೆಗೆ ಅಂತ ಕಾಡಿಗೆ ಹೋಗುವವರಿಗೆ ಮೈಗೆ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ತೊಳೆಯಿರಿ ಅಂತ ಹೇಳುತ್ತಲೇ ಇರುತ್ತಾರೆ. ಕಾಡು ಗುಡಿಸಿ ಅಂತ ಯಾರೂ ಹೇಳಿಲ್ಲ. ನೀವು ಹೆದರುವುದರಲ್ಲಿ ಅರ್ಥವಿದೆ, ಅದನ್ನು ಯಾರೂ ಹಗುರ ಮಾಡಬಾರದು.

ಗೊಬ್ಬರಗುಂಡಿ (ಒಂಟಾರಿಯೋ)

ಎರಡನ್ನೂ ಉಳಿಸಿಕೊಳ್ಳಬಹುದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯೇ ಹೇಳುವ ದಾರಿ ಇದು: ಹುಲ್ಲುಹಾಸಿನ ಮೇಲೆ ಮತ್ತು ಅಂಚಿನಲ್ಲಿ ಎಲೆ ತೆಗೆಯಿರಿ, ಹುಲ್ಲು ಗಿಡ್ಡ ಇಡಿ, ಹುಲ್ಲಿಗೂ ಕಾಡಿಗೂ ನಡುವೆ 3 ಅಡಿ ಅಗಲಕ್ಕೆ ಮರದ ಚಕ್ಕೆ ಅಥವಾ ಜಲ್ಲಿ ಹಾಕಿ. ಮಕ್ಕಳ ಉಯ್ಯಾಲೆ ಬಿಸಿಲಿರುವ ಕಡೆ, ಅಂಚಿನಿಂದ ದೂರ. ಉಣ್ಣೆಗೂ ಒಣ ಜಾಗ ಆಗಿಬರಲ್ಲ, ಹಾಗಾಗಿ ಆ ಜಲ್ಲಿ ಪಟ್ಟಿ ದಾಟುವುದು ಅದಕ್ಕೆ ಕಷ್ಟ. ಪಟ್ಟಿಯ ಆಚೆಗಿನ ಕಾಡಿನಲ್ಲಿ ದಿಮ್ಮಿ, ಎಲೆ ಹಾಗೇ ಇರಲಿ. ಕೆಲಸದವರಿಗೂ ಅರ್ಧ ಕೆಲಸ, ನಿಮಗೂ ಅರ್ಧ ಖರ್ಚು. ಉಣ್ಣೆಗೆ ಅಂತ ಔಷಧಿ ಹೊಡೆಸಿದರೆ ಹುಲ್ಲಿನ ಅಂಚಿನಾಚೆ ಹೋಗಬೇಡಿ ಅಂತ ಬಾಯಿಬಿಟ್ಟು ಹೇಳಿ. ಇಲ್ಲವಾದರೆ ಕಾಡೊಳಗೂ ಹೊಡೆದು ಬಿಲ್ ಕೊಡುತ್ತಾರೆ.

ಹೊಸಮನೆ (ಪೆನ್ಸಿಲ್ವೇನಿಯಾ)

ಇದು ಮಾಡಬಹುದು. ಹುಲ್ಲಿನ ಅಂಚಿನಲ್ಲೇ ಮೂರು ದಿಮ್ಮಿ ಇವೆ, ಅವನ್ನು ಒಳಗೆ ಸರಿಸಬೇಕಾಗುತ್ತೆ. ಈಗ ಜುಲೈ. ಸರಿಸಬಹುದಾ?

ಎಲೆಮರೆ (ಮ್ಯಾಸಚೂಸೆಟ್ಸ್)

ಜುಲೈನಲ್ಲಿ ಬೇಡ, ಒಳಗೆ ತಾಯಿ ಮೊಟ್ಟೆ ಸುತ್ತಿಕೊಂಡು ಕೂತಿರಬಹುದು. ದಿಮ್ಮಿ ಅಲುಗಾಡಿ ಪೊಟರೆ ಒಡೆದರೆ ಅದು ಮೊಟ್ಟೆ ಬಿಟ್ಟು ಹೋಗುತ್ತದೆ, ಎರಡು ವರ್ಷದ ದುಡಿಮೆ ಹೋಯಿತು. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ, ಮಳೆ ಬಿದ್ದ ಮರುದಿನ ಸರಿಸಿ. ಅಷ್ಟರವರೆಗೆ ಅಂಚಿನ ಎಲೆ ಮಾತ್ರ ಗುಡಿಸಿಕೊಳ್ಳಿ. ದೂರ ಒಯ್ಯಬೇಡಿ, ಹತ್ತು ಹದಿನೈದು ಅಡಿ ಒಳಗೆ ಸಾಕು. ಕೆಳಗೆ ಪ್ರಾಣಿ ಕಂಡರೆ ಮೊದಲು ದಿಮ್ಮಿಯನ್ನು ಹೊಸ ಜಾಗದಲ್ಲಿ ಕೂರಿಸಿ, ಆಮೇಲೆ ಅದನ್ನು ಒದ್ದೆ ಕೈಯಲ್ಲಿ ತಂದು ದಿಮ್ಮಿಯ ಪಕ್ಕ ಬಿಡಿ. ತಾನೇ ಒಳಗೆ ಹೋಗುತ್ತದೆ. ಪ್ರಾಣಿಯನ್ನು ಇಟ್ಟು ಮೇಲಿಂದ ದಿಮ್ಮಿ ಇಳಿಸಿದರೆ ಜಜ್ಜಿಹೋಗುತ್ತದೆ, ಇಂಥ ಸಾವುಗಳೇ ಜಾಸ್ತಿ.

ಪುಟ್ಟಿಯ ಅಮ್ಮ (ನ್ಯೂ ಜೆರ್ಸಿ)

ನಮ್ಮದು ಚಿಕ್ಕ ಹಿತ್ತಿಲು, ದಿಮ್ಮಿ ಇಲ್ಲ. ಮಗಳು ನೋಡಬೇಕು ಅಂತಾಳೆ. ಹಲಗೆ ಇಟ್ಟರೆ ಬರುತ್ತವಾ?

ಮಳೆರಾತ್ರಿ (ವರ್ಜೀನಿಯಾ)

ಹತ್ತಿರದಲ್ಲಿ ಮರಗಳಿದ್ದರೆ ಬರುತ್ತವೆ. ಅಧ್ಯಯನ ಮಾಡುವವರೂ ಹಾಗೇ ಹಲಗೆ ಇಟ್ಟು ಎಣಿಸುತ್ತಾರೆ. ಬಣ್ಣ, ಪಾಲಿಶ್, ಕೀಟನಾಶಕ ಯಾವುದೂ ಹಾಕದ ಮರದ ಹಲಗೆ ಆಗಬೇಕು, ಒಂದು ಅಡಿ ಚೌಕ, ಒಂದಿಂಚು ದಪ್ಪ. ಮೇಲಿನ ಎಲೆ ಸರಿಸಿ ಹಲಗೆ ಮಣ್ಣಿಗೆ ತಾಗುವಂತೆ ನೆರಳಲ್ಲಿಡಿ. ಹೊಸ ಹಲಗೆಗೆ ತಕ್ಷಣ ಬರಲ್ಲ, ಒಂದು ಚಳಿಗಾಲ ಕಳೆದು ಹಲಗೆ ಹಳತಾಗಲಿ. ಎತ್ತುವುದು ಎರಡು ವಾರಕ್ಕೊಮ್ಮೆ ಸಾಕು ಅಂತ ಪುಟ್ಟಿ ಹತ್ತಿರ ಮೊದಲೇ ಒಪ್ಪಂದ ಮಾಡಿಕೊಳ್ಳಿ. ದಿನಾ ಎತ್ತಿ ನೋಡಿದರೆ ಮನೆ ಖಾಲಿ ಮಾಡಿ ಹೋಗುತ್ತವೆ.